ಟವೆಲಿನ ಕೆಳಗಿನ ಮಾತು

ಮಾತು ಕಲಿಯುವುದಕ್ಕೂ ಈಗ ಫೀಸು ಬಂದಿದೆ. ನೀರಿಗೆ ದುಡ್ಡು ಕೊಡಬೇಕು ಎಂದಾಗಲೂ ಹೀಗೇ ಬೆರಗಾಗಿದ್ದೆವು, ಈಗ ಬಾಟಲಿ ನೀರಿಲ್ಲದೆ ಮದುವೆ ಊಟವೇ ಏಳುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಖಾಯಿಲೆಗಳು ಹಾಸನಕ್ಕೆ ಬರಲು ಮೊದಲೆಲ್ಲ ಹತ್ತು ವರ್ಷ ಹಿಡಿಯುತ್ತಿತ್ತು. ಈಗ ನಾಲ್ಕು ಪಥದ ರಸ್ತೆಯಾಗಿದೆ, ಮೂರೂವರೆ ಗಂಟೆ ಸಾಕು. ಮ್ಯಾನೇಜರುಗಳಿಗೆ ಮನವೊಲಿಸುವ ಕಲೆಯ ಎರಡು ದಿನದ ಶಿಬಿರ, ನಡುವೆ ಬಿಸಿಬೇಳೆ ಭಾತು, ಕೊನೆಯಲ್ಲಿ ಪ್ರಮಾಣಪತ್ರ, ಗ್ರೂಪ್ ಫೋಟೋ. ಬ್ಯಾಂಕಿನ ಶಾಖೆಯವರು, ಗಾರ್ಮೆಂಟ್ಸಿನ ಎಚ್‌ಆರ್‌ನವರು, ಹಾಲಿನ ವ್ಯವಹಾರದವರು, ಗೊಬ್ಬರ-ಔಷಧಿ ಕಂಪನಿಗಳ ಏರಿಯಾ ಮ್ಯಾನೇಜರುಗಳು ಎಲ್ಲರೂ ಸಾಲಾಗಿ ಕೂತು, ಕೇಳುವವನ ಕಣ್ಣನ್ನು ಎಷ್ಟು ಹೊತ್ತು ನೋಡಬೇಕು, ಕೈಯನ್ನು ಎಲ್ಲಿಡಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಬರೆದುಕೊಳ್ಳುತ್ತಾರೆ.

ಇದನ್ನು ಗೇಲಿ ಮಾಡುವುದು ಸುಲಭ, ಆದರೆ ನಾನು ಪೂರ್ತಿ ಗೇಲಿ ಮಾಡುವವನಲ್ಲ. ಅಮೆರಿಕದ ಡೇಲ್ ಕಾರ್ನೆಗಿ 1912ರಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ ತರಗತಿ ಶುರುಮಾಡಿದಾಗ ಅಲ್ಲಿಗೆ ಬಂದವರೂ ಎದ್ದು ನಿಂತು ನಾಲ್ಕು ಮಾತಾಡಲು ಹೆದರುತ್ತಿದ್ದ ಗುಮಾಸ್ತರು, ಮಾರಾಟಗಾರರೇ. ಅದಕ್ಕೂ ಎರಡು ಸಾವಿರ ಚಿಲ್ಲರೆ ವರ್ಷ ಹಿಂದೆ ಅರಿಸ್ಟಾಟಲ್ ಹೇಳುವವನ ನಡತೆ, ಕೇಳುವವನ ಮನಸ್ಸು, ಹೇಳುವ ವಿಷಯದ ಹುರುಳು ಎಂದು ಮೂರು ಭಾಗ ಮಾಡಿಟ್ಟಿದ್ದ. ಶಿಬಿರಗಳಲ್ಲಿ ಇವತ್ತಿಗೂ ಅದನ್ನೇ ಬಣ್ಣದ ಸ್ಲೈಡಿನಲ್ಲಿ ತೋರಿಸುತ್ತಾರೆ. ಸಿಗುವುದು ಕಡಿಮೆ ಎಂದಾಗ ಜನ ಮುಗಿಬೀಳುತ್ತಾರೆ ಎಂಬುದೂ ಒಂದು ಪಾಠ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಸುವ ಹಾಸನಾಂಬೆಯ ಊರಿನಲ್ಲಿ ಕೂತು ಈ ಪಾಠವನ್ನು ದುಡ್ಡು ಕೊಟ್ಟು ಕೇಳಬೇಕೇ ಎಂಬುದಷ್ಟೇ ನನ್ನ ತಕರಾರು.

ಕೈಯನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ನಮ್ಮ ಕಡೆ ಹಳೆಯ ಉತ್ತರವೊಂದಿದೆ: ಟವೆಲಿನ ಕೆಳಗೆ. ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಕಡೆಯ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಹಳ್ಳಿಕಾರ್ ಜೋಡಿಯ ಪಕ್ಕ ಮಾರುವವನೂ ಕೊಳ್ಳುವವನೂ ಕೈ ಕುಲುಕಿದ ಹಾಗೆ ಕೈ ಹಿಡಿಯುತ್ತಾರೆ, ದಲ್ಲಾಳಿ ಹೆಗಲ ಮೇಲಿನ ಟವೆಲು ತೆಗೆದು ಮೇಲೆ ಹೊದಿಸುತ್ತಾನೆ. ಆಮೇಲಿನದೆಲ್ಲ ಬೆರಳ ಮಾತು. ಒಂದು ಬೆರಳು ಹಿಡಿದರೆ ಒಂದು, ಎರಡಕ್ಕೆ ಎರಡು, ಇಡೀ ಅಂಗೈ ಹಿಡಿದರೆ ಐದು. ಸಾವಿರವೋ ಹತ್ತು ಸಾವಿರವೋ ಇಬ್ಬರಿಗೂ ಗೊತ್ತಿರುತ್ತದೆ. ಸುತ್ತ ಹತ್ತು ಜನ ನಿಂತಿದ್ದರೂ ಯಾರು ಎಷ್ಟು ಕೇಳಿದ, ಯಾರು ಎಷ್ಟಕ್ಕೆ ಇಳಿದ ಎಂದು ಗೊತ್ತಾಗುವುದಿಲ್ಲ. ಇಳಿದವನ ಮರ್ಯಾದೆ ಉಳಿಯಿತು. ಮರ್ಯಾದೆ ಉಳಿಯುತ್ತದೆ ಎಂದು ಗೊತ್ತಿದ್ದರೆ ಮನುಷ್ಯ ಎಷ್ಟು ಸಲೀಸಾಗಿ ಇಳಿಯುತ್ತಾನೆ! ತುಂಬಿದ ಸಭೆಯಲ್ಲಿ ಕೈಕೆಳಗಿನವರ ಟಾರ್ಗೆಟ್ಟನ್ನು ಪರದೆಯ ಮೇಲೆ ಕೆಂಪಕ್ಷರದಲ್ಲಿ ತೋರಿಸುವ ಮ್ಯಾನೇಜರುಗಳನ್ನು ನೋಡಿದಾಗಲೆಲ್ಲ, ಇವರಿಗೆ ಯಾರಾದರೂ ಒಂದು ಟವೆಲು ಕೊಡಬಾರದೇ ಅನ್ನಿಸುತ್ತದೆ.

ಆ ದಲ್ಲಾಳಿಯನ್ನು ಸ್ವಲ್ಪ ಗಮನಿಸಿ. ಅವನು ಬಂದ ಕೂಡಲೇ ಹೋರಿಯನ್ನು ಹೊಗಳುವುದಿಲ್ಲ. ‘ಎಷ್ಟು ಎಕರೆ ಮಾಡ್ತೀರ ಗೌಡ್ರೆ? ಹೊಲವೋ ಗದ್ದೆಯೋ? ಗಾಡಿ ಕಟ್ಟಕ್ಕೋ ಉಳಕ್ಕೋ?’ ಎಂದು ಕೇಳುತ್ತಾನೆ. ಕೊಳ್ಳುವವನು ಹೇಳುತ್ತಾ ಹೇಳುತ್ತಾ ತನಗೆ ಬೇಕಾದ್ದು ಏನು ಎಂದು ತಾನೇ ಸ್ಪಷ್ಟ ಮಾಡಿಕೊಳ್ಳುತ್ತಾನೆ. ಆಮೇಲೆ ಬಾಯಿ ತೆರೆಸಿ ಹಲ್ಲು ನೋಡುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸುವುದು. ಇನ್ನೇನು ವ್ಯಾಪಾರ ಕುದುರಬೇಕು ಅನ್ನುವಾಗ ಬೆರಗಿನ ಸಂಗತಿಯೊಂದು ನಡೆಯುತ್ತದೆ. ‘ಬಲಗಡೇದು ಒಸಿ ಸಿಡುಕು ಕಣ್ರೀ, ಹೊಸಬರು ಹತ್ರ ಹೋದ್ರೆ ತಲೆ ಆಡಿಸ್ತದೆ’ ಎಂದು ದೋಷವನ್ನು ಅವನೇ ಹೇಳಿಬಿಡುತ್ತಾನೆ. ಅಲ್ಲಿಗೆ ಮುಗಿಯಿತು, ಅವನು ಇನ್ನು ಏನು ಹೇಳಿದರೂ ನಂಬಿಕೆ. ಹಾಗೆಂದು ಅವನು ಸತ್ಯಹರಿಶ್ಚಂದ್ರನೇನೂ ಅಲ್ಲ. ಮುಂದಿನ ಜಾತ್ರೆಗೂ ಇದೇ ಮರದಡಿಗೆ ಬರಬೇಕು, ಇದೇ ಗೌಡರ ಮುಖ ನೋಡಬೇಕು, ಅಷ್ಟೆ. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಮ್ಯಾನೇಜರಿಗೆ ಈ ಭಯ ಇಲ್ಲದಿರುವುದೇ ಅವನ ಮಾತು ಹಗುರವಾಗಲು ಅರ್ಧ ಕಾರಣ ಎಂಬುದು ನನ್ನ ಗುಮಾನಿ.

ಅರಕಲಗೂಡು ತಾಲ್ಲೂಕಿಗೆ ಬಂದರೆ ಮಾತೇ ಇಲ್ಲದ ವ್ಯಾಪಾರ. ರಾಮನಾಥಪುರದ ತಂಬಾಕು ಹರಾಜು ಕಟ್ಟೆಯಲ್ಲಿ ಬೇಲುಗಳು ಸಾಲಾಗಿ ಕೂತಿರುತ್ತವೆ, ರೈತ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಈಗಂತೂ ಹರಾಜು ಎಲೆಕ್ಟ್ರಾನಿಕ್, ಕೂಗುವವರೂ ಇಲ್ಲ. ಕಂಪನಿಯವರು ಎಲೆ ಎತ್ತಿ ನೋಡಿ ಕೈಲಿರುವ ಯಂತ್ರದಲ್ಲಿ ಬೆಲೆ ಒತ್ತುತ್ತಾರೆ. ರೈತನ ವಾದವೆಲ್ಲ ಮನೆಯ ಜಗಲಿಯಲ್ಲೇ ಮುಗಿದಿರುತ್ತದೆ. ಬ್ಯಾರನ್ನಿನಲ್ಲಿ ಹದವಾಗಿ ಬೇಯಿಸಿ, ಹೆಂಗಸರು ಮಕ್ಕಳೆಲ್ಲ ಕೂತು ಎಲೆ ಎಲೆ ಬಿಡಿಸಿ, ಬಣ್ಣ ನೋಡಿ ಗ್ರೇಡು ಮಾಡಿದ್ದೇ ಅವನ ಭಾಷಣ. ಅಲ್ಲಿ ತಪ್ಪಿದರೆ ಕಟ್ಟೆಯಲ್ಲಿ ಗಂಟಲು ಹರಿದುಕೊಂಡರೂ ಕಿಲೋಗೆ ಒಂದು ರೂಪಾಯಿ ಹೆಚ್ಚುವುದಿಲ್ಲ. ಹಾಗೆ ನೋಡಿದರೆ ಅರಕಲಗೂಡಿನ ಹೆಸರು ಹೊತ್ತ ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು, ನಮ್ಮ ಅನಕೃ, ಕನ್ನಡಕ್ಕಾಗಿ ಗಂಟಲು ಹರಿದುಕೊಂಡು ಊರೂರು ತಿರುಗಿದವರು. ಹುಟ್ಟಿದ್ದು ಕೋಲಾರದಲ್ಲಾದರೂ ವಂಶ ಇಲ್ಲಿಯದು. ಒಂದೇ ತಾಲ್ಲೂಕಿನ ಹೆಸರಿನಲ್ಲಿ ಮಾತಿನ ಮಲ್ಲರೂ ಇದ್ದಾರೆ, ಮೌನದ ಕಟ್ಟೆಯೂ ಇದೆ.

ಹೀಗೆ ಸಂತೆ, ಜಾತ್ರೆ, ಕಟ್ಟೆಗಳಲ್ಲಿ ಬೆಳೆದ ಹುಡುಗನೇ ಓದಿ ಕುರ್ಚಿಯಲ್ಲಿ ಕೂತ ಮೇಲೆ ಏನಾಗುತ್ತಾನೆ ಎನ್ನುವುದು ನನ್ನನ್ನು ಕಾಡುವ ಪ್ರಶ್ನೆ. ನನ್ನ ತಂಗಿಯ ಮಗ ಔಷಧಿ ಕಂಪನಿಯೊಂದರ ಏರಿಯಾ ಮ್ಯಾನೇಜರು. ಔಷಧಿ ಎಂದರೆ ಬೆಳೆಗೆ ಹೊಡೆಯುವುದು. ಆಲೂಗಡ್ಡೆಗೆ ಅಂಗಮಾರಿ ಬಿದ್ದು ನಮ್ಮವರು ಮುಸುಕಿನ ಜೋಳ, ಶುಂಠಿ ಎಂದು ಹೊರಳಿಕೊಂಡ ಮೇಲೆ ಅವನ ವ್ಯಾಪಾರವೂ ಅವರ ಹಿಂದೆಯೇ ಹೊರಳಿತು. ಹೊಲದ ಬದುವಿನಲ್ಲಿ ನಿಂತು ಮಾತಾಡಿದನೆಂದರೆ ಎಂಥ ಜುಗ್ಗನೂ ಜೇಬಿಗೆ ಕೈಹಾಕಬೇಕು, ಅಂಥ ಬಾಯಿ. ಅದೇ ಹುಡುಗ ಬಾಕಿ ಉಳಿಸಿಕೊಂಡ ಅಂಗಡಿಯವರಿಗೆ ಬರೆದ ಕಾಗದ ತೋರಿಸಿದ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಹಲವು ಬಾರಿ ಮೌಖಿಕವಾಗಿ ತಿಳಿಸಿದಾಗ್ಯೂ ತಮ್ಮಿಂದ ಸಮರ್ಪಕ ಪ್ರತಿಕ್ರಿಯೆ ಬಾರದಿರುವುದರಿಂದ, ಸದರಿ ಬಾಕಿಯನ್ನು ಶೀಘ್ರವಾಗಿ ಪಾವತಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.’

‘ಎಷ್ಟು ಬಾಕಿನಪ್ಪ?’ ಎಂದೆ.

‘ಅದು ಅನೆಕ್ಷರ್‌ನಲ್ಲಿದೆ ಮಾವ.’

‘ಯಾವತ್ತಿನೊಳಗೆ ಕಟ್ಟಬೇಕು?’

‘ಶೀಘ್ರವಾಗಿ ಅಂತ ಇದೆಯಲ್ಲ.’

‘ಜರುಗಿಸೋರು ಯಾರು?’

ಅವನು ಸುಮ್ಮನಾದ. ತಾಲ್ಲೂಕು ಕಚೇರಿಯಿಂದ ಕಲಿತ ಈ ಕನ್ನಡದಲ್ಲಿ ಕೆಲಸ ಮಾಡುವವರೇ ಇರುವುದಿಲ್ಲ, ಎಲ್ಲವೂ ತಾನಾಗಿ ಜರುಗಿಸಲ್ಪಡುತ್ತದೆ. ಓದಿದವನಿಗೆ ಹೆದರಿಕೆಯೂ ಆಗುವುದಿಲ್ಲ, ಪ್ರೀತಿಯೂ ಹುಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ಬೇರೆಯಾಗುತ್ತಿತ್ತೇ ಎಂದರೆ ಅದೂ ಇಲ್ಲ, ಇದೇ ಹೆಣಕ್ಕೆ ಪ್ಯಾಂಟು ತೊಡಿಸಿದಂತಾಗುತ್ತಿತ್ತು.

ಅವನಿಗೆ ನಾನು ಓದಿ ಬಾ ಎಂದದ್ದು ಕಲ್ಲೊಂದನ್ನು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳ ಎಷ್ಟು ದೂರ ಮಹಾ! ಬೆಟ್ಟ ಹತ್ತುವ ಅಗತ್ಯವೂ ಇಲ್ಲ, ಊರೊಳಗಿನ ಭಂಡಾರಿ ಬಸದಿಗೆ ಹೋದರೆ ಸಾಕು. ಈ ಬಸದಿಯನ್ನು 1159ರಲ್ಲಿ ಕಟ್ಟಿಸಿದವನು ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ, ಈಗಿನ ಲೆಕ್ಕದಲ್ಲಿ ಫೈನಾನ್ಸ್ ಮ್ಯಾನೇಜರು. ಅಲ್ಲಿರುವುದು ವಿಜಯನಗರದ ಬುಕ್ಕರಾಯನ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ತಕರಾರು ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ರಾಜನ ಹತ್ತಿರ ಹೋಗಿ ತಮಗಾಗುತ್ತಿರುವ ಅನ್ಯಾಯ ಹೇಳಿಕೊಂಡರು. ರಾಜ ಮನಸ್ಸು ಮಾಡಿದ್ದರೆ ಒಂದು ಆಜ್ಞೆ ಹೊರಡಿಸಿ ಎದ್ದು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ನಾಡಿನ ದೊಡ್ಡವರನ್ನೂ ಎದುರಿಗೆ ಕೂಡಿಸಿಕೊಂಡು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯೊಳಗೆ ಇಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ, ಜೈನರಿಗೆ ಬಂದ ಹಾನಿ-ವೃದ್ಧಿಯನ್ನು ವೈಷ್ಣವರು ತಮ್ಮದೇ ಹಾನಿ-ವೃದ್ಧಿ ಎಂದು ತಿಳಿಯಬೇಕು ಎಂದ.

ಭಾಷಣವಾಗಿದ್ದರೆ ಚಪ್ಪಾಳೆಯೊಂದಿಗೆ ಇಲ್ಲಿಗೇ ಮುಗಿಯುತ್ತಿತ್ತು. ಕಲ್ಲಿನಲ್ಲಿ ಬರೆಯುವವನು ಒಂದೊಂದು ಅಕ್ಷರಕ್ಕೂ ಉಳಿ ಏಟು ಹಾಕಬೇಕು, ಅವನಿಗೆ ಚಪ್ಪಾಳೆ ಸಾಲದು. ಮುಂದಿನ ಸಾಲುಗಳಲ್ಲಿ ದುಡ್ಡಿನ ವಿಷಯ ಬರುತ್ತದೆ. ರಾಜ್ಯದ ಜೈನರು ವರ್ಷಕ್ಕೆ ಮನೆಗೆ ಒಂದು ಹಣ ಕೊಡಬೇಕು. ಅದರಲ್ಲಿ ಬೆಳಗೊಳದ ದೇವರಿಗೆ 20 ಜನ ಅಂಗರಕ್ಷಕರನ್ನು ಇಡಬೇಕು, ಉಳಿದದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಹಣ ಎತ್ತುವವರು ಯಾರು? ತಿರುಮಲೆಯ ತಾತಯ್ಯ, ವೈಷ್ಣವರ ಕಡೆಯವರೇ! ತಕರಾರು ಮಾಡಿದ ಕಡೆಯವರ ಕೈಗೇ ಕಾವಲಿನ ಕೀಲಿ ಕೊಟ್ಟದ್ದು. ಇದಕ್ಕೆ ತಪ್ಪಿದವರಿಗೆ ಏನು ಕಾದಿದೆ ಎಂಬುದನ್ನೂ ಬಿಟ್ಟಿಲ್ಲ. ಯಾರು, ಎಷ್ಟು, ಯಾವಾಗ, ಯಾತಕ್ಕೆ, ತಪ್ಪಿದರೆ ಏನು ಎಲ್ಲವೂ ಒಂದೇ ಕಲ್ಲಿನಲ್ಲಿ. ಅನೆಕ್ಷರ್ ಇಲ್ಲ.

ಅದರ ಕೊನೆಯಲ್ಲಿ ಇನ್ನೊಬ್ಬನ ಹೆಸರಿದೆ. ಮ್ಯಾನೇಜರುಗಳು ನೋಡಬೇಕಾದ್ದು ರಾಜನಿಗಿಂತ ಅವನನ್ನು. ಕಲ್ಲೇಹದ ಬುಸುವಿ ಶೆಟ್ಟಿ, ಹೆಸರೇ ಹೇಳುವ ಹಾಗೆ ವ್ಯಾಪಾರಸ್ಥ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಕೆಲಸ ನಡೆಸಿದವನು ಅವನು. ಎರಡೂ ಪಂಗಡದವರು ಸೇರಿ ಅವನಿಗೆ ಸಂಘನಾಯಕ ಎಂಬ ಪಟ್ಟ ಕಟ್ಟಿದರು. ಶೆಟ್ಟರು ಏನು ಮಾತಾಡಿದರು ಎಂಬುದು ಕಲ್ಲಿನಲ್ಲಿಲ್ಲ. ಅವರದೂ ಟವೆಲಿನ ಕೆಳಗಿನ ಮಾತೇ ಇರಬೇಕು.

ಕಾಗದದ ಬಲ ಗೊತ್ತಿದ್ದ ಇನ್ನೊಬ್ಬರು ಹೊಳೆನರಸೀಪುರದವರು. ದೇವೇಗೌಡರ ರಾಜಕೀಯವನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಕಂಟ್ರಾಕ್ಟರಿಕೆ ಮಾಡಿ, 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ಗೆದ್ದವರು ಅವರು. ನೀರಾವರಿಯ ಮಾತು ಬಂದರೆ ಅಂಕಿಅಂಶದ ಕಟ್ಟು ಹಿಡಿದೇ ನಿಲ್ಲುತ್ತಿದ್ದರು. ಪ್ರಧಾನಿಗಳಿಗೆ, ಮುಖ್ಯಮಂತ್ರಿಗಳಿಗೆ ಪುಟಗಟ್ಟಲೆ ಪತ್ರ ಬರೆಯುವುದನ್ನು ತಾವೇ ಪ್ರಧಾನಿಯಾಗಿ ಇಳಿದ ಮೇಲೂ ಬಿಡಲಿಲ್ಲ. ಅವರನ್ನು ಯಾರೂ ದೊಡ್ಡ ವಾಗ್ಮಿ ಎಂದದ್ದಿಲ್ಲ, ಆದರೆ ಅವರೆದುರು ಲೆಕ್ಕವಿಲ್ಲದೆ ಬಾಯಿ ಬಿಡಲು ಅಧಿಕಾರಿಗಳು ಹಿಂದೆಮುಂದೆ ನೋಡುತ್ತಿದ್ದರೆಂದರೆ ನಾನು ನಂಬುತ್ತೇನೆ.

ಬಾಯಿಯಿಂದಲೇ ವಿಮಾನ ಹಾರಿಸಿದವರೂ ಇದ್ದಾರೆ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಅದು ಮೊದಲೇ ಸಾಹಿತಿ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು, ಅಲ್ಲಿ ಮಾತಿಗೆ ಬರವುಂಟೆ! ಗೋಪಿನಾಥರ ಮನೆತನದ ಜಮೀನು ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿತು. ಸೈನ್ಯ ಬಿಟ್ಟು ಬಂದ ಅವರು ಪರಿಹಾರವಾಗಿ ಜಾವಗಲ್ ಬಳಿ ಸಿಕ್ಕ ಜಮೀನಿನಲ್ಲಿ ತೆಂಗು, ರೇಷ್ಮೆ ಮಾಡಿದರು, ಹಾಸನದಲ್ಲಿ ಬುಲೆಟ್ ಬೈಕು ಮಾರಿದರು. 2003ರಲ್ಲಿ ಏರ್ ಡೆಕ್ಕನ್ ತಂದು ಒಂದು ರೂಪಾಯಿಗೆ ಟಿಕೆಟ್ ಎಂದಾಗ ನಕ್ಕವರೇ ಸಾಲಿನಲ್ಲಿ ನಿಂತರು. ಬೇರೆ ವಿಮಾನಗಳ ಜೊತೆ ಹೋಲಿಸದೆ ರೈಲಿನ ಜೊತೆ ಹೋಲಿಸಿದ್ದು, ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ಗುರುತಾಗಿ ತಂದದ್ದು, ಎರಡೂ ಕೊಳ್ಳುವವನ ಜೇಬು ನೋಡಿ ಆಡಿದ ಮಾತು. ಕಂಪನಿ ಆಮೇಲೆ ಕಿಂಗ್‌ಫಿಷರಿನ ಹೊಟ್ಟೆ ಸೇರಿತು. ಪ್ರಯಾಣಿಕರನ್ನು ಒಪ್ಪಿಸಬಹುದು, ಬ್ಯಾಲೆನ್ಸ್ ಶೀಟು ಯಾರ ಮಾತನ್ನೂ ಕೇಳುವುದಿಲ್ಲ.

ಮಾತು ಸೋಲುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ವರ್ಷಕ್ಕೆ ಎಷ್ಟು ಊರಲ್ಲಿ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ! ಸಂಧಾನಕ್ಕೆ ಬಂದ ಕೃಷ್ಣನಿಗಿಂತ ಚೆನ್ನಾಗಿ ಮಾತಾಡುವವರು ಯಾರು? ಅರ್ಧ ರಾಜ್ಯದಿಂದ ಐದು ಊರಿಗೆ ಇಳಿದ, ಆದರೂ ಆಗಲಿಲ್ಲ. ತುಂಬಿದ ಸಭೆಯಲ್ಲಿ ಕೇಳಿದ್ದೇ ತಪ್ಪಾಯಿತೇನೋ, ದುರ್ಯೋಧನನಿಗೆ ಇಳಿಯಲು ಮರೆಯಿರಲಿಲ್ಲ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ ಬಣ್ಣ ಹಚ್ಚುವ ಈ ರೈತರು, ಅಂಗಡಿಯವರು, ಮೇಷ್ಟ್ರುಗಳು ಬೆಳಗಿನ ಜಾವದವರೆಗೂ ಸಾವಿರ ಜನರ ಎದುರು ಉಸಿರು ಹಿಡಿದು ಕಂದ ಹಾಡುತ್ತಾರೆ. ಅವರ ಮುಂದೆ ಎರಡು ದಿನದ ಶಿಬಿರ ಯಾವ ಲೆಕ್ಕ?

ನನ್ನ ಸೋದರಳಿಯ ಕಾಗದವನ್ನು ಮತ್ತೆ ಬರೆದ. ಶಾಸನ ನೋಡಿದನೋ ನನ್ನ ಕಾಟ ತಾಳಲಾರದೆ ಬರೆದನೋ, ಅಂತೂ ನೆಟ್ಟಗೆ ಬರೆದ. ‘ಅಣ್ಣ, ಮುಂಗಾರಿನಲ್ಲಿ ತಗೊಂಡ ಮಾಲಿನ ಬಾಕಿ 84,000 ರೂಪಾಯಿ ಇದೆ. ಈ ತಿಂಗಳು 20ರೊಳಗೆ ಕಟ್ಟಿದರೆ ಹಿಂಗಾರಿನ ಮಾಲು ನಾನೇ ನಿಂತು ಲೋಡ್ ಮಾಡಿಸುತ್ತೇನೆ. ಕಟ್ಟದಿದ್ದರೆ ಗೋಡೌನಿನವರು ನನ್ನ ಮಾತು ಕೇಳುವುದಿಲ್ಲ.’ ಕೆಳಗೆ ಹೆಸರು, ಫೋನ್ ನಂಬರು. ಹಲವರು ಕಟ್ಟಿದರು. ಅರಕಲಗೂಡಿನ ಕಡೆಯ ಅಂಗಡಿಯವರೊಬ್ಬರು ಮಾತ್ರ ಫೋನು ಮಾಡಿದರಂತೆ.

‘ಕಾಗದ ಓದಿ ಖುಷಿಯಾಯ್ತು ಸಾರ್, ಮನೇವ್ರು ಬರ್ದಂಗೈತೆ. ನಿಮ್ಮ ಹತ್ರ ಸುಳ್ಳೇಳಲ್ಲ, ಈ ಸರ್ತಿ ದುರ್ಯೋಧನನ ಪಾತ್ರ ಹಿಡ್ದಿದೀನಿ, ದುಡ್ಡೆಲ್ಲ ಅಲ್ಲಿಗೆ ಹೋಯ್ತು. ನಾಟಕ ಆದ ಎಂಟು ದಿನಕ್ಕೆ ಪೂರ್ತಿ ಕಟ್ತೀನಿ. ಆದ್ರೆ ಅವತ್ತು ಮುಖ್ಯ ಅತಿಥಿಯಾಗಿ ನೀವೇ ಬರ್ಬೇಕು, ಪಾಂಪ್ಲೆಟ್‌ನಲ್ಲಿ ಹೆಸರು ಹಾಕ್ಸಿಬಿಟ್ಟಿದೀನಿ.’

ಇವನು ಹೋದ. ಪೇಟ ತೊಡಿಸಿ, ಹಾರ ಹಾಕಿ, ಮೈಕು ಕೊಟ್ಟರಂತೆ. ‘ಅಷ್ಟು ಮರ್ಯಾದೆ ಮಾಡಿದ ಮೇಲೆ ಬರಿಗೈಲಿ ಇಳಿಯೋಕಾಗುತ್ತಾ ಮಾವ? ಸೀನರಿ ಖರ್ಚಿಗೆ ಅಂತ ಐದು ಸಾವಿರ ಅನೌನ್ಸ್ ಮಾಡಿದೆ’ ಎಂದ. ಬಾಕಿ ಇನ್ನೂ ಬಂದಿಲ್ಲ, ದುರ್ಯೋಧನನ ಗದಾಯುದ್ಧ ಮಾತ್ರ ಬಹಳ ಚೆನ್ನಾಗಿತ್ತಂತೆ.