ಹೊರಡದ ಗಾಡಿಗೆ ಹಗಲಿರುಳು ಕರೆಂಟು

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಎದ್ದು ಹೋಗಿ ಆರಿಸುವ ಜಾತಿ ನನ್ನದು. ಅಮೆರಿಕದ ಗೋಡೆಗಳಲ್ಲಿ ನಮ್ಮೂರಿನ ಹಾಗೆ ಪ್ಲಗ್ಗಿನ ಪಕ್ಕದಲ್ಲಿ ಸ್ವಿಚ್ ಇರುವುದಿಲ್ಲವಲ್ಲ, ಅದಕ್ಕೆ ಫೋನ್ ಚಾರ್ಜರನ್ನೂ ಕಿತ್ತೇ ಇಡುತ್ತೇನೆ. ಅಂಥವನು ಮಿಷಿಗನ್ನಿನ ಮನೆಯ ಮುಂದೆ ನಿಂತ ಮೋಟರ್‌ಹೋಮಿಗೆ, ಅಂದರೆ ಒಳಗೇ ಮನೆಯಿರುವ ಗಾಡಿಗೆ, ಗರಾಜಿನಿಂದ ದಪ್ಪನೆಯ ವೈರು ಎಳೆದು, ಹಗಲು ರಾತ್ರಿ ಕರೆಂಟು ಕೊಡುತ್ತಿದ್ದೇನೆ. ಈ ಧಾರಾಳತನ ಎಲ್ಲಿಂದ ಬಂತು?

ಕೇಳಿದವರಿಗೆ ಹೇಳಲು ಉತ್ತರವೇನೋ ಸಿದ್ಧವಿದೆ. ನಿಂತ ಗಾಡಿಯಲ್ಲೂ ಗ್ಯಾಸ್ ಸೋರಿಕೆ ಪತ್ತೆಯ ಯಂತ್ರ, ಫ್ರಿಜ್ಜಿನ ಸರ್ಕೀಟು, ರೇಡಿಯೋದ ಗಡಿಯಾರ ಬ್ಯಾಟರಿಯನ್ನು ಸದ್ದಿಲ್ಲದೆ ಹೀರುತ್ತಿರುತ್ತವೆ. ಎಲ್ಲ ಸೇರಿ ಅರ್ಧ ಆಂಪಿಯರ್ ಎಂದರೂ ದಿನಕ್ಕೆ 12 ಆಂಪಿಯರ್-ಅವರ್ ಆಯಿತು. 100 ಆಂಪಿಯರ್-ಅವರ್‌ನ ಬ್ಯಾಟರಿ ನಾಲ್ಕೇ ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಖಾಲಿಯಾಗಿಯೇ ಉಳಿದ ಲೆಡ್-ಆಸಿಡ್ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಚಳಿಗಾಲದಲ್ಲಂತೂ ಖಾಲಿ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟಿ ಡಬ್ಬಿಯೇ ಬಿರಿಯಬಹುದು. ತುಂಬಿದ ಬ್ಯಾಟರಿಗೆ ಆ ಭಯವಿಲ್ಲ.

ಎಚ್ಚರಿಕೆಯನ್ನೂ ಮರೆತಿಲ್ಲ. ಗಾಡಿಯ 30 ಆಂಪಿಯರ್‌ನ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಮನೆಯ 15 ಆಂಪಿಯರ್ ಪಾಯಿಂಟಿಗೆ ಸಿಕ್ಕಿಸಿದ್ದೇನೆ. 120 ವೋಲ್ಟಿನಲ್ಲಿ ಅಲ್ಲಿಂದ ಸಿಗುವುದು 1,800 ವ್ಯಾಟ್; ಅದರಲ್ಲಿ ಏರ್ ಕಂಡೀಷನರ್ ಓಡಿಸಲು ಹೋಗುವುದಿಲ್ಲ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರು ಬಿಸಿಯೇರುತ್ತದೆಂದು 10 ಗೇಜಿನದನ್ನೇ ತಂದಿದ್ದೇನೆ. ಆಗಾಗ ಹೋಗಿ ಅಡಾಪ್ಟರಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತೇನೆ. ಬ್ಯಾಟರಿಯ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು, ತಟ್ಟೆಗಳು ನೀರಿನಲ್ಲಿ ಮುಳುಗಿವೆಯೇ ಎಂದು ಇಣುಕಿ, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಹೊಯ್ಯುತ್ತೇನೆ. ಊರಿನಲ್ಲಿ ಯುಪಿಎಸ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕೆಲಸವೇ. ಮನೆಯ ಕರೆಂಟಿನಿಂದ ಬ್ಯಾಟರಿ ತುಂಬಿಸುವ, ಗಾಡಿಯೊಳಗಿನ ಕನ್ವರ್ಟರ್ ಹೊಸ ಬಗೆಯದು. ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜನ್ನು ತಾನೇ 13.2ರ ಆಸುಪಾಸಿಗೆ ಇಳಿಸಿಕೊಳ್ಳುತ್ತದೆ. ಹಳೆಯವು ಒಂದೇ ಸಮನೆ ಊಡಿ ನೀರು ಬತ್ತಿಸುತ್ತಿದ್ದವು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಹೆಂಡತಿಯ ಪ್ರಶ್ನೆ ಹಾಗೇ ಉಳಿಯುತ್ತದೆ: "ಅದು ಎಲ್ಲಿಗೂ ಹೋಗ್ತಿಲ್ವಲ್ಲ, ಯಾಕ್ರೀ ಪ್ಲಗ್ ಹಾಕಿಟ್ಟಿದ್ದೀರಿ?"

ಗಾಡಿಯ ಬಾಗಿಲ ಪಕ್ಕದಲ್ಲೇ ಬ್ಯಾಟರಿ ಡಿಸ್ಕನೆಕ್ಟ್ ಎಂಬ ಪುಟ್ಟ ಸ್ವಿಚ್ಚಿದೆ. ಅದನ್ನು ಒತ್ತಿದರೆ ಈ ಹೀರಾಟ ಬಹುಪಾಲು ನಿಲ್ಲುತ್ತದೆ. ಅಷ್ಟೂ ಸಾಲದಿದ್ದರೆ ನೆಗೆಟಿವ್ ತಂತಿ ಬಿಚ್ಚಿಟ್ಟರಾಯಿತು. ಆಮೇಲೆ ತಿಂಗಳಿಗೊಮ್ಮೆ ಒಂದು ದಿನ ಚಾರ್ಜ್ ಮಾಡಿದರೆ ಧಾರಾಳವಾಯಿತು. ಇದು ನನಗೆ ಮೊದಲಿಂದಲೂ ಗೊತ್ತು. ಇನ್ನೂ ಒಂದು ಸಂಗತಿ ಗೊತ್ತು: ನನ್ನ ಗಾಡಿಯಲ್ಲಿ ಈ ವೈರಿನ ಕರೆಂಟು ಹೋಗುವುದು ಮನೆಭಾಗದ ಬ್ಯಾಟರಿಗೆ ಮಾತ್ರ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯೇ ಬೇರೆ, ಅದಕ್ಕೆ ಬೇರೆ ಚಾರ್ಜರ್ ಬೇಕು. ಅದನ್ನು ನಾನು ಕೊಂಡಿಲ್ಲ. ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ. ಗಾಡಿಯನ್ನು ಹೊರಡಿಸುವ ಬ್ಯಾಟರಿ ಮಾತ್ರ ತನ್ನ ಪಾಡಿಗೆ ಇಳಿಯುತ್ತಿರುತ್ತದೆ.

ಹೊರಡುವ ಮನಸ್ಸಿದ್ದವನು ಮೊದಲು ಯಾವುದಕ್ಕೆ ಚಾರ್ಜರ್ ತರುತ್ತಿದ್ದ? ಈ ಪ್ರಶ್ನೆಯಿಂದ ಜಾರಿಕೊಳ್ಳಲು ದಾರಿಯಿಲ್ಲ. ಮಕ್ಕಳು ದೊಡ್ಡವರಾಗಿ ಅವರವರ ಊರು ಸೇರಿದ್ದಾರೆ. ವಾರಗಟ್ಟಲೆ ಸುತ್ತುತ್ತಿದ್ದ ಪ್ರವಾಸಗಳು ಶನಿವಾರ-ಭಾನುವಾರಕ್ಕೆ ಇಳಿದು, ಆಮೇಲೆ ಅದೂ ಅಪರೂಪವಾಗಿದೆ. ಪ್ಲಗ್ ಕಿತ್ತರೆ ಗಾಡಿಯನ್ನು ಮೂಲೆಗೆ ಹಾಕಿದಂತೆ. ಸಿಕ್ಕಿಸಿಟ್ಟಿರುವಷ್ಟು ಕಾಲ, ನಾಳೆಯೇ ಹೊರಡುತ್ತೇವೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಬ್ಯಾಟರಿಯ ಆರೈಕೆ ಎಂದು ನಾನು ಕರೆಯುತ್ತಿದ್ದದ್ದು ಬಹುಮಟ್ಟಿಗೆ ಈ ನೆಪದ ಆರೈಕೆ.

ಹಾಗೆಂದು ಗಾಡಿ ಮಾರಿಬಿಡುವ ವೈರಾಗ್ಯವೇನೂ ನನಗೆ ಬಂದಿಲ್ಲ. ಆದರೆ ಲೆಕ್ಕವನ್ನು ಸರಿಯಾಗಿ ಬರೆದಿಡಬೇಕು. ಬ್ಯಾಟರಿಗೆ ಬೇಕಿರುವುದು ತಿಂಗಳಲ್ಲಿ ಒಂದು ದಿನದ ಕರೆಂಟು. ಉಳಿದಷ್ಟೂ ದಿನದ್ದು ನನ್ನ ಸಮಾಧಾನದ ಖರ್ಚು, ಅದನ್ನು ಗಾಡಿಯ ಹೆಸರಿನಲ್ಲಿ ಬರೆಯುವುದು ಸುಳ್ಳು ಲೆಕ್ಕ.