ಡಂಡಾ ಇಲ್ಲದ ಸೈಕಲ್ಲು

ನವೆಂಬರ್ 3, 2024, ಭಾನುವಾರ. ಬೀದರ್

ದೀಪಾವಳಿ ಮುಗಿಸಿಕೊಂಡು ನಿನ್ನೆ ರಾತ್ರಿ ಔರಾದಿನ ಅಪ್ಪ-ಅವ್ವನ ಮನೆಯಿಂದ ಬಂದೆವು. ದಾರಿಯುದ್ದಕ್ಕೂ ಮಗಳದು ಒಂದೇ ಮಾತು: "ಪಪ್ಪಾ, ಮುಂದಿನ ಸಲ ನನ್ನ ಸೈಕಲ್ ತಗೊಂಡೇ ಹೋಗೋಣ." ಅವಳ ಹಟದಲ್ಲಿ ಹುರುಳಿದೆ. ಇಲ್ಲಿ ನಮ್ಮ ಗಲ್ಲಿಯಿಂದ ಗವಾನ್ ಚೌಕಿಗೆ ಹೋಗಿಬರುವಷ್ಟರಲ್ಲಿ ನಾಲ್ಕು ಕಡೆ ಕಾಲೂರಬೇಕು. ಅಲ್ಲಿ ಊರು ದಾಟಿದರೆ ಎರಡೂ ಕಡೆ ತೊಗರಿ, ನಡುವೆ ಖಾಲಿ ರಸ್ತೆ.

ಮಧ್ಯಾಹ್ನ ಕಾರಿನ ಹಿಂದಿನ ಸೀಟು ಮಡಚಿ, 15 ನಂಬರ್ ಪಾನಾದಿಂದ ಮುಂದಿನ ಗಾಲಿ ಬಿಚ್ಚಿ, ಹಳೇ ಚಾದರ ಹಾಸಿ ಸೈಕಲ್ಲನ್ನು ಒಳಗೆ ಮಲಗಿಸಿ ನೋಡಿದೆವು. ಹಿಡಿಸಿತು. ಒಂದು ರೂಪಾಯಿ ಖರ್ಚಿಲ್ಲ, ಮಳೆ ಗಾಳಿಯ ಚಿಂತೆಯಿಲ್ಲ. ಇಬ್ಬರೇ ಹೋಗುವ ಮನೆಯಾದರೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ. ನಾವು ಮೂವರು, ಬರುವಾಗ ಅವ್ವ ಸೇರಿ ನಾಲ್ವರು. ಅವಳನ್ನು ಕಣ್ಣಿನ ತಪಾಸಣೆಗೆ ತಿಂಗಳಿಗೆರಡು ಸಲ ಕರೆತರಬೇಕು. ಸೈಕಲ್ಲು ಹತ್ತಿದರೆ ಅವ್ವನಿಗೆ ಜಾಗವಿಲ್ಲ.

ನವೆಂಬರ್ 9, ಶನಿವಾರ. ಭಾಲ್ಕಿ, ಅಕ್ಕನ ಮನೆ

ಕೈ ಇನ್ನೂ ನಡುಗುತ್ತಿದೆ. ಬರೆದಿಟ್ಟರೆ ಸಮಾಧಾನವಾದೀತು.

ಬೆಳಿಗ್ಗೆ ಕಾರಿನ ಮೇಲೆ ಕೌದಿ ಹಾಸಿ, ಸೈಕಲ್ಲನ್ನು ಅಡ್ಡ ಮಲಗಿಸಿ, ನೈಲಾನ್ ಹಗ್ಗವನ್ನು ಬಾಗಿಲುಗಳ ಒಳಗಿಂದ ಸುತ್ತಿ ಕಟ್ಟಿದೆ. ಭಾಲ್ಕಿ ಎಷ್ಟು ದೂರ, ನಲವತ್ತು ಕಿಲೋಮೀಟರು, ನಿಧಾನ ಹೋದರಾಯಿತು ಅಂದುಕೊಂಡೆ. ಹಲಬರ್ಗಾ ಹತ್ತಿರ ಹಂಪ್ ದಾಟಿದಾಗ ತಲೆಯ ಮೇಲೆ ಕರ್ ಅಂತ ಸದ್ದು. ಮಗಳೇ ಮೊದಲು ಕೂಗಿದಳು. ನಿಲ್ಲಿಸಿ ನೋಡಿದರೆ ಹಗ್ಗ ಹಿಗ್ಗಿ ಸಡಿಲಾಗಿದೆ, ಕೌದಿ ಜಾರಿದೆ, ಸೈಕಲ್ಲು ಹಿಂದಿನ ಗಾಜಿನ ಕಡೆ ಅರ್ಧ ಇಳಿದಿದೆ. ಹ್ಯಾಂಡಲ್ಲಿನ ತುದಿ ಬಣ್ಣದ ಮೇಲೆ ಒಂದು ಮೊಳದ ಗೆರೆ ಎಳೆದಿತ್ತು.

ಗೆರೆ ಹೋಗಲಿ. ನಮ್ಮ ಹಿಂದೆಯೇ ಒಂದು ಮೋಟರ್ ಸೈಕಲ್ ಬರುತ್ತಿತ್ತು. ಗಂಡ, ಹೆಂಡತಿ, ಟ್ಯಾಂಕಿನ ಮೇಲೆ ಒಂದು ಕೂಸು. ಅವರು ನಮ್ಮನ್ನು ದಾಟಿ ಮುಂದೆ ಹೋದರು. ಸೈಕಲ್ಲು ಇನ್ನೊಂದು ಹಂಪಿನಲ್ಲಿ ಬಿದ್ದಿದ್ದರೆ ಬೀಳುವುದು ಅವರ ಮೇಲೆ. ಕಡಿಮೆ ಖರ್ಚು ಅಂತ ನಾನು ಲೆಕ್ಕ ಹಾಕುತ್ತಿದ್ದೆನಲ್ಲ, ಆ ಲೆಕ್ಕದಲ್ಲಿ ಹಿಂದೆ ಬರುವವರು ಇರಲೇ ಇಲ್ಲ.

ಅಕ್ಕ ಚಹಾ ಕೊಟ್ಟು ಒಂದೇ ಮಾತು ಅಂದಳು: "ತಮ್ಮಾ, ಹೋಗೋವಾಗ ಸೈಕಲ್ ಇಲ್ಲೇ ಬಿಟ್ಟು ಹೋಗು. ಮಾಮಾ ಟಂಟಂನಾಗ ಕಳಿಸ್ತಾರ." ಹಾಗೇ ಮಾಡುತ್ತೇನೆ.

ನವೆಂಬರ್ 13, ಬುಧವಾರ. ಬೀದರ್

ಮೂರು ದಿನದಿಂದ ಸಂಜೆ ಸೈಕಲ್ ಒಯ್ಯಲು ಬೇರೆ ದಾರಿ ಹುಡುಕುವುದೇ ಕೆಲಸ. ಮೇಲ್ಛಾವಣಿಯ ಕ್ಯಾರಿಯರ್ ಕೇಳಿದೆ. ಗಂಜಿನ ಹತ್ತಿರದ ವೆಲ್ಡಿಂಗ್ ಅಂಗಡಿಯವರು ಕಾರಿನ ಮೇಲೆ ಕೈಯಾಡಿಸಿ ಅಂದರು: "ಇದಕ್ಕ ಹಿಡಿಲಿಕ್ಕೇ ಅಂಚಿಲ್ರಿ. ಓಮ್ನಿ ಇದ್ರ ಹೇಳ್ರಿ, ನಾಳೆನೇ ಮಾಡಿಕೊಡ್ತೀನಿ." ಓಮ್ನಿಯ ಛಾವಣಿಗೆ ಸುತ್ತಲೂ ಮಳೆನೀರಿನ ಕಟ್ಟು ಇರುತ್ತದೆ, ಕಬ್ಬಿಣದ ಕೊಕ್ಕೆ ಅದನ್ನು ಕಚ್ಚಿ ನಿಲ್ಲುತ್ತದೆ. ನಮ್ಮದರ ಛಾವಣಿ ನುಣುಪು. ಆಗದ ಕೆಲಸವನ್ನು ಆಗದು ಅಂತ ಹೇಳಿ ಕಳಿಸಿದ ಆ ಮನುಷ್ಯನ ಮೇಲೆ ಗೌರವ ಹೆಚ್ಚಾಯಿತು.

ಬಂಪರ್ ಕೆಳಗೆ ಕಬ್ಬಿಣದ ಕೊಂಡಿ ಕೂರಿಸಿ ಅದಕ್ಕೆ ಸಿಕ್ಕಿಸುವ ಸ್ಟ್ಯಾಂಡು ಎಲ್ಲಕ್ಕಿಂತ ಗಟ್ಟಿಯಂತೆ. ಆದರೆ ಸ್ಟ್ಯಾಂಡಿನ ಬೆಲೆ ಬೇರೆ, ಕೊಂಡಿಯ ಬೆಲೆ ಬೇರೆ. ತಿಂಗಳಿಗೆರಡು ಸಲದ ಓಡಾಟಕ್ಕೆ ಅಷ್ಟು ಹಣ ಹಾಕಲು ಮನಸ್ಸು ಬರಲಿಲ್ಲ.

ಉಳಿದದ್ದು ಡಿಕ್ಕಿಯ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವ ಕ್ಯಾರಿಯರ್. ಜೊತೆಯಲ್ಲಿ ಕೆಲಸ ಮಾಡುವವರ ಭಾವಮೈದ ಹೈದರಾಬಾದಿನಲ್ಲಿದ್ದಾರೆ. ಅಲ್ಲಿ 2023ರಲ್ಲಿ ಹೊರವರ್ತುಲ ರಸ್ತೆಯ ಪಕ್ಕ ಸೋಲಾರ್ ಚಾವಣಿಯ 23 ಕಿಲೋಮೀಟರಿನ ಸೈಕಲ್ ದಾರಿ ಆದ ಮೇಲೆ ಕಾರಿನಲ್ಲಿ ಸೈಕಲ್ ತರುವವರು ಬಹಳ. ತಮ್ಮ ಹಳೆಯದನ್ನು 1,800 ರೂಪಾಯಿಗೆ ಕೊಡುತ್ತಾರಂತೆ. ಎರಡು ಸೈಕಲ್ ಹಿಡಿಯುತ್ತದೆ ಅಂದಾಗ ಆಸೆ ಹುಟ್ಟಿತು: ಒಂದು ಮಗಳದು, ಇನ್ನೊಂದು ಔರಾದಿನಲ್ಲಿ ತುಕ್ಕು ಹಿಡಿಯುತ್ತಿರುವ ಅಪ್ಪನ ಅಟ್ಲಾಸ್. ಅದನ್ನು ಬೀದರಿಗೆ ತಂದು ರಿಪೇರಿ ಮಾಡಿಸಿದರೆ ನನಗೂ ಒಂದಾಯಿತು.

ನವೆಂಬರ್ 17, ಭಾನುವಾರ. ಔರಾದ್

ಅಟ್ಲಾಸನ್ನು ಪಕ್ಕದ ಅಡತಿ ಅಂಗಡಿಯ ಕಾಟಾ ಮೇಲೆ ಇಟ್ಟೆವು. 21 ಕಿಲೋ. ಆ ಕ್ಯಾರಿಯರಿನ ಚೀಟಿಯ ಫೋಟೋ ತರಿಸಿಕೊಂಡಿದ್ದೆ. ಒಂದು ಸೈಕಲ್ಲಿಗೆ 15 ಕಿಲೋ ಮೀರಬಾರದು ಅಂತ ಬರೆದಿದೆ. ಮಗಳದು ತೂಕದಲ್ಲಿ ಸರಿ, ಆದರೆ ಲೇಡೀಸ್ ಸೈಕಲ್, ಡಂಡಾ ಇಲ್ಲ. ಕ್ಯಾರಿಯರಿನ ತೋಳುಗಳು ಹಿಡಿಯುವುದೇ ಡಂಡಾವನ್ನು. ಅಪ್ಪನದಕ್ಕೆ ಡಂಡಾ ಇದೆ, ತೂಕ ಹೆಚ್ಚು. ನಾನು ಸಣ್ಣವನಿದ್ದಾಗ ಟವೆಲ್ ಸುತ್ತಿ ನನ್ನನ್ನು ಕೂಡಿಸಿಕೊಳ್ಳುತ್ತಿದ್ದುದು ಅದೇ ಡಂಡಾದ ಮೇಲೆ. ಟವೆಲ್ ಕಟ್ಟುತ್ತಿದ್ದ ಜಾಗದಲ್ಲಿ ಕಪ್ಪು ಬಣ್ಣ ಸವೆದು ಕಬ್ಬಿಣ ಕಾಣುತ್ತದೆ.

ಅಪ್ಪ ಎಲ್ಲ ಕೇಳಿಸಿಕೊಂಡು ಬಸ್ಸಿನ ಮಾತು ತೆಗೆದರು. ಆಗ ಬಸ್ಸಿನ ಹಿಂದೆ ಏಣಿ, ಮೇಲೆ ಕಬ್ಬಿಣದ ಕಟಕಟೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಿಸಬೇಕು, ಕಂಡಕ್ಟರ್ ಲಗೇಜ್ ಚೀಟಿ ಹರಿಯಬೇಕು. "ನಾವು ಹಗ್ಗ ಕಟ್ಟತಿದ್ದಿಲ್ಲ. ಹಗ್ಗ ಜಾರತದ. ಹಳೇ ಟ್ಯೂಬ್ ಕೊಯ್ದು ಪಟ್ಟಿ ಮಾಡಿ ಕಟ್ಟತಿದ್ವಿ. ಅದು ಎಳದಷ್ಟೂ ಕಚ್ಚತದ." ನನಗೆ ಹಲಬರ್ಗಾದ ಹಂಪು ನೆನಪಾಯಿತು.

ಆಮೇಲೆ ಅಂದರು: "ನಂದು ಯಾಕ ಒಯ್ತಿ? ಇಲ್ಲೇ ಇರ್ಲಿ. ನೀ ಬಂದಾಗ ಇದೇ ಹೊಡಿ. ಅದರ ಕಾರ್ಖಾನಿನೇ ಮುಚ್ಚಿ ಹೋಗ್ಯದ, ದಾರಿಯಾಗ ಮುರೀತಂದ್ರ ಎಲ್ಲಿಂದ ತರ್ತಿ?" ನಿಜ. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ. ಸಾಗಿಸಬೇಕಾದದ್ದು ಒಂದೇ ಸೈಕಲ್ಲು. ಇದು ನನಗೇಕೆ ಹೊಳೆಯಲಿಲ್ಲ?

ನವೆಂಬರ್ 24, ಭಾನುವಾರ. ಬೀದರ್

ಕ್ಯಾರಿಯರ್ ಬಂದಿದೆ. ಹಣ ಕೊಡುವ ಮೊದಲು ಪ್ರತಿ ಪಟ್ಟಿಯನ್ನೂ ಬಿಸಿಲಿಗೆ ಹಿಡಿದು ಉಗುರಿನಿಂದ ಕೆರೆದು ನೋಡಿದೆ. ಆರರಲ್ಲಿ ಒಂದು ಬಿಸಿಲಿಗೆ ಒಣಗಿ ನೂಲು ಏಳುತ್ತಿತ್ತು. ಅದನ್ನು ತೆಗೆದು ಹೊಸದು ಹಾಕಿಸಿದೆ, 150 ರೂಪಾಯಿ. ಡಂಡಾ ಇಲ್ಲದ ಸೈಕಲ್ಲಿಗೆ ಸೀಟಿನ ಕೊಳವೆಯಿಂದ ಹ್ಯಾಂಡಲ್ ಬುಡಕ್ಕೆ ಸಿಕ್ಕಿಸುವ ತಾತ್ಕಾಲಿಕ ಡಂಡಾ 900 ರೂಪಾಯಿ. ಇದರಲ್ಲಿ ಕೈ ಹಿಡಿಯಲಿಲ್ಲ.

ಮೇಲಿನ ಎರಡು ಪಟ್ಟಿ ಭಾರ ಹೊರುತ್ತವೆ, ಕೆಳಗಿನವು ಕುಣಿತ ತಡೆಯುತ್ತವೆ, ಪಕ್ಕದವು ಜಾರುವುದನ್ನು ತಡೆಯುತ್ತವೆ. ಕೊಕ್ಕೆ ಬಾಗಿಲಿನ ತಗಡಿನ ಅಂಚಿಗೇ ಬೀಳಬೇಕು, ಗಾಜಿಗೂ ಅಲ್ಲ, ಮೇಲಿನ ಪ್ಲಾಸ್ಟಿಕ್ಕಿಗೂ ಅಲ್ಲ. ಟೈರು ಸೈಲೆನ್ಸರಿನ ಬಾಯಿಗೆ ನೇರ ಬಂದರೆ ಬಿಸಿಗೆ ಸಿಡಿಯುತ್ತದೆ. ಮೊದಲ ಸಲ ಕಟ್ಟಿದಾಗ ಮುಂದಿನ ಗಾಲಿ ನಂಬರ್ ಪ್ಲೇಟಿಗೆ ಅಡ್ಡ ಬಂತು. 2019ಕ್ಕಿಂತ ಮೊದಲಿನ ಗಾಡಿ ನಮ್ಮದು, ಹೋದ ವರ್ಷದ ಆದೇಶದಂತೆ ಹೊಸ ಪ್ಲೇಟು ಹಾಕಿಸಿದ್ದೇವೆ, ಅದು ಕಾಣಲೇಬೇಕು. ಗಾಲಿ ಬಿಚ್ಚಿ ಒಳಗಿಟ್ಟೆವು. ಹಿಂದಿನ ಗಾಲಿ ಬಲಗಡೆಯ ದೀಪ ಮುಚ್ಚುತ್ತಿತ್ತು, ಗೇಣುದ್ದ ಸರಿಸಿದೆವು. ಮಡದಿ ಹಿಂದೆ ನಿಂತು ಬ್ರೇಕು, ಇಂಡಿಕೇಟರು ಒಂದೊಂದಾಗಿ ನೋಡಿ ಕೈಯೆತ್ತಿದಳು. ಕತ್ತಲಲ್ಲಿ ಮಾತ್ರ ಹೀಗೆ ಹೋಗುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡೆವು.

ಡಿಸೆಂಬರ್ 1, ಭಾನುವಾರ. ಔರಾದ್

ಏಳಕ್ಕೆ ಹೊರಟೆವು. ಜನವಾಡ ದಾಟುವ ಮೊದಲೇ ಒಮ್ಮೆ ನಿಂತು ಪಟ್ಟಿ ಮುಟ್ಟಿ ನೋಡಿದೆ. ಎರಡು ಬೆರಳಿನಷ್ಟು ಸಡಿಲಾಗಿತ್ತು. ಬಿಗಿದೆ. ಕೌಠಾದ ಮಾಂಜ್ರಾ ಸೇತುವೆಯ ಹತ್ತಿರ ಮತ್ತೆ ನಿಂತೆ, ಅಲ್ಲಾಡಿರಲಿಲ್ಲ. ಅರವತ್ತು ದಾಟಿಸಲಿಲ್ಲ. ಸಂತಪೂರದ ಹಂಪುಗಳಲ್ಲಿ ಮಗಳು ಹಿಂದಕ್ಕೆ ತಿರುಗಿ ಕೂತಿದ್ದಳು, ಕಣ್ಣು ಸೈಕಲ್ಲಿನ ಮೇಲೇ.

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಸೈಕಲ್ಲು ಇಳಿಸುವ ಮೊದಲು ಒಂದೊಂದು ಪಟ್ಟಿಯನ್ನೂ ಎಳೆದು ನೋಡಿದರು. ಪೆಡಲು ಬಾಗಿಲಿಗೆ ತಾಗದಂತೆ ನಾನು ಸುತ್ತಿದ್ದ ಹಳೇ ಟ್ಯೂಬಿನ ಪಟ್ಟಿಯ ಹತ್ತಿರ ಬಂದು ಕೈ ನಿಂತಿತು. "ಇದು ಬೇಸ್ ಕಟ್ಟೀದಿ" ಅಂದರು.

ಅಟ್ಲಾಸಿಗೆ ಎಣ್ಣೆ ಬಿಟ್ಟು, ಟೈರಿಗೆ ಗಾಳಿ ಹೊಡೆಸಿ ಇಟ್ಟಿದ್ದರು. ಮಗಳು ಗಾಲಿ ಜೋಡಿಸಿ ಮುಗಿಸುವವರೆಗೂ ಕಾಯಲಾರದೆ ಬೆಲ್ ಹೊಡೆಯುತ್ತಿದ್ದಳು. ನಾವಿಬ್ಬರೂ ಅಮರೇಶ್ವರ ಗುಡಿಯ ತನಕ ಹೋಗಿ ಬಂದೆವು. ವಾಪಸ್ಸು ಬರುವಾಗ ಅವಳು ಕೇಳಿದಳು, ಮುತ್ಯಾನ ಸೈಕಲ್ಲಿನ ಡಂಡಾ ಮೇಲೆ ತಾನೂ ಒಮ್ಮೆ ಕೂಡಬಹುದಾ ಅಂತ. ಅವ್ವ ಟವೆಲ್ ತಂದುಕೊಟ್ಟಳು.