ನಿದಾನವೂ ನಿಧಾನವೂ

ಕನ್ನಡಿಗರ ಬಾಯಲ್ಲಿ ಎರಡು ಪದಗಳು ಬಹುಕಾಲದಿಂದ ಒಂದರೊಳಗೊಂದು ಕಲೆತುಹೋಗಿವೆ. ಒಂದು ನಿದಾನ, ಇನ್ನೊಂದು ನಿಧಾನ. ಸಂಸ್ಕೃತದಲ್ಲಿ ಮೊದಲನೆಯದಕ್ಕೆ ಮೂಲಕಾರಣವೆಂದು ಅರ್ಥ. ವೈದ್ಯರು ರೋಗದ ಕಾರಣವನ್ನು ಅರಸುವುದಕ್ಕೂ ಅದೇ ಹೆಸರು. ಎರಡನೆಯದಕ್ಕೆ ನಿಕ್ಷೇಪವೆಂದು ಅರ್ಥ. ಕನ್ನಡದಲ್ಲಿ ಮಾತ್ರ ಅದು ಸಾವಕಾಶವೆಂಬ ಅರ್ಥವನ್ನು ತಾಳಿದೆ. ಶಾಲೆಯ ಹುಡುಗರು ದಕಾರ ಧಕಾರಗಳನ್ನು ಅದಲುಬದಲು ಮಾಡಿ ಬರೆದರೆ ಉಪಾಧ್ಯಾಯರು ಕೆಂಪು ಮಸಿಯಿಂದ ತಿದ್ದುವರು. ಆದರೆ ಆ ತಪ್ಪಿನೊಳಗೂ ಒಂದು ಸತ್ಯವಿದೆ. ಅದನ್ನು ಸಿರುಗುಪ್ಪದ ಸೀಮೆಯಲ್ಲಿ, ಒಂದು ಕಾಲುವೆಯ ದಂಡೆಯ ಮೇಲೆ, ಕೆಟ್ಟುನಿಂತ ಮಣ್ಣು ತೋಡುವ ಯಂತ್ರದ ಮುಂದೆ, ಹೆಚ್ಚಿನ ಓದುಬರಹವಿಲ್ಲದ ಒಬ್ಬ ಮೇಸ್ತ್ರಿಯು ತೋರಿಸಿಕೊಟ್ಟನು.

ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ನಡುವಣ ನೆಲ ಬಹುಮಟ್ಟಿಗೆ ಎರೆಭೂಮಿ. 1953ರಲ್ಲಿ ತುಂಗಭದ್ರೆಯ ಅಣೆಯಿಂದ ಕಾಲುವೆಗಳಿಗೆ ನೀರು ಹರಿಯಲಾರಂಭಿಸಿದ ಮೇಲೆ ಜೋಳ ಹತ್ತಿಗಳ ಹೊಲಗಳೆಷ್ಟೋ ಬತ್ತದ ಗದ್ದೆಗಳಾದುವು. ಆದರೆ ಕಾಲುವೆಯು ನೀರನ್ನು ಮಾತ್ರ ತರುವುದಿಲ್ಲ, ಹೂಳನ್ನೂ ತರುತ್ತದೆ. ಬೇಸಗೆಯಲ್ಲಿ ಕಾಲುವೆ ಬತ್ತಿದಾಗ ಆ ಹೂಳನ್ನು ತೆಗೆಯದಿದ್ದರೆ ಕೊನೆಯ ಗದ್ದೆಗಳಿಗೆ ನೀರು ಏರದು. ಹಿಂದೆ ಇದು ಸಲಿಕೆ ಪುಟ್ಟಿಗಳ ಕೆಲಸವಾಗಿತ್ತು. ಈಗ ಯಂತ್ರದ ಕೆಲಸ. ಮುಂದೆ ಮಣ್ಣು ತಳ್ಳುವ ಅಗಲವಾದ ಬಕೆಟ್ಟು, ಹಿಂದೆ ಮೊಣಕೈಯಂತೆ ಮಡಿದು ಚಾಚುವ ತೋಡುಗೈ ಉಳ್ಳ ಈ ಹಳದಿಯ ಯಂತ್ರವು ಯಾವ ಕಾರ್ಖಾನೆಯದಾದರೂ ನಮ್ಮ ಜನ ಅದನ್ನು ಜೆಸಿಬಿ ಎಂದೇ ಕರೆಯುವರು. ಅದು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಆಂಗ್ಲೇಯನ ಹೆಸರಿನ ಮೊದಲಕ್ಷರಗಳು. ಆತನು 1945ರಲ್ಲಿ ಕಾರ್ಖಾನೆಯನ್ನು ತೊಡಗಿ, 1953ರಲ್ಲಿ ಮುಂದಣ ಬಕೆಟ್ಟನ್ನೂ ಹಿಂದಣ ತೋಡುಗೈಯನ್ನೂ ಒಂದೇ ಟ್ರಾಕ್ಟರಿಗೆ ಜೋಡಿಸಿದನು. ತುಂಗಭದ್ರೆಯ ನೀರೂ ಆ ಕಾಲುವೆಯ ಹೂಳನ್ನೆತ್ತುವ ಯಂತ್ರವೂ ಒಂದೇ ವರ್ಷ ಹುಟ್ಟಿದುವೆನ್ನಬಹುದು.

ಕಥೆಯ ಯಂತ್ರದ ಯಜಮಾನನು ಕುರುಗೋಡಿನವನು. ಸಾಲಮಾಡಿ ಯಂತ್ರವನ್ನು ಕೊಂಡು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಿದ್ದನು. ಆ ವರ್ಷ ಸಿರುಗುಪ್ಪದ ಬಳಿಯ ಒಂದು ಹಳ್ಳಿಯವರು ತಮ್ಮ ಹೊಲಗಾಲುವೆಗಳನ್ನು ನೀರು ಬಿಡುವುದರೊಳಗಾಗಿ ತೋಡಿಕೊಡಬೇಕೆಂದು ಅವನಿಗೆ ಒಪ್ಪಿಸಿದ್ದರು. ಕೆಲಸ ಅರ್ಧವಾಗಿರಲು ಯಂತ್ರವು ಸೋತಿತು. ಮುಂಜಾನೆ ಚೆನ್ನಾಗಿಯೇ ಏಳುವುದು; ಎರಡು ಗಂಟೆಯ ಕಾಲ ದುಡಿಯುವಷ್ಟರಲ್ಲಿ ತೋಡುಗೈ ಬಳಲಿದವನ ಕೈಯಂತೆ ಮೆಲ್ಲಮೆಲ್ಲನೆ ಏಳುವುದು; ಒಳಗಿನಿಂದ ಕಿವಿ ಕೊರೆಯುವಂಥ ಕೀರಲು ದನಿ ಹೊರಡುವುದು. ನೋಡಿದವರೆಲ್ಲ ಪಂಪು ಹೋಯಿತೆಂದರು. ಹಿಂದಿನ ವರ್ಷವೂ ಹೀಗೆಯೇ ಆಗಿ, ಹೀಗೆಯೇ ಹೇಳಿಸಿಕೊಂಡು, ಅವನು ಹೊಸ ಪಂಪನ್ನು ಹಾಕಿಸಿದ್ದನು. ಅದಕ್ಕಾಗಿ ಅಡವಿಟ್ಟ ಹೆಂಡತಿಯ ಬಳೆಗಳು ಇನ್ನೂ ಮನೆಗೆ ಬಂದಿರಲಿಲ್ಲ. ಇನ್ನೊಂದು ಪಂಪಿಗೆ ಹಣವಿಲ್ಲ, ಕಾಯುವುದಕ್ಕೆ ದಿನವಿಲ್ಲ, ಕೆಲಸ ಕೈಬಿಟ್ಟರೆ ಕಂತು ಕಟ್ಟುವ ದಾರಿಯಿಲ್ಲ. ಅವನು ದೊಡ್ಡಬಸವೇಶ್ವರನಿಗೆ ಹರಕೆ ಹೊತ್ತು, ಬಳ್ಳಾರಿಯ ಮೇಸ್ತ್ರಿಯೊಬ್ಬನಿಗೆ ಹೇಳಿಕಳುಹಿಸಿದನು.

ಎಲ್ಲರಿಂದಲೂ ಚಾಚಾ ಎನ್ನಿಸಿಕೊಳ್ಳುವ ಆ ಮೇಸ್ತ್ರಿಗೆ ಬಳ್ಳಾರಿಯಲ್ಲಿ ತಗಡಿನ ಛಾವಣಿಯ ದುಕಾನು. ಅದಿರಿನ ವ್ಯಾಪಾರವು ಉಕ್ಕಿ ಹರಿಯುತ್ತಿದ್ದ ಕಾಲದಲ್ಲಿ ಅವನಿಗೆ ಉಣ್ಣಲೂ ಬಿಡುವಿರಲಿಲ್ಲ. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಲು ಯಂತ್ರಗಳು ಸಾಲುಸಾಲಾಗಿ ನಿಂತುಬಿಟ್ಟುವು. ಕೆಲಸವಿಲ್ಲದ ಆ ದಿನಗಳಲ್ಲಿ ಅವನು ಗುಜರಿಗೆ ಬಂದ ಪಂಪುಗಳನ್ನು ಕೊಂಡು ಒಂದೊಂದನ್ನೇ ಬಿಚ್ಚಿ, ಇದು ಯಾವುದರಿಂದ ಸತ್ತಿತೆಂದು ಪರೀಕ್ಷಿಸುತ್ತಿದ್ದನು. ಅವನ ವಿದ್ಯೆಯೆಲ್ಲ ಆ ಬರಗಾಲದಲ್ಲಿ ಗಳಿಸಿದ್ದು.

ಈ ಪಂಪಿನ ರಚನೆ ಸರಳವಾದುದು. ಬಿಗಿಯಾದ ಕವಚದೊಳಗೆ ಎರಡು ಹಲ್ಲುಗಾಲಿಗಳು ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ. ಎಣ್ಣೆಯು ನಡುವೆ ನುಗ್ಗುವುದಿಲ್ಲ; ಹಲ್ಲಿನ ಸಂದುಗಳಲ್ಲಿ ಕುಳಿತು ಕವಚದ ಅಂಚಿನಲ್ಲಿ ಸುತ್ತಿ ಆಚೆಯ ಬದಿಗೆ ಹೋಗುತ್ತದೆ. ಗ್ರಹಗಳ ಗತಿಯನ್ನು ಗಣಿಸಿದ ಕೆಪ್ಲರನು 17ನೆಯ ಶತಮಾನದ ಆದಿಯಲ್ಲಿ ಇಂತಹ ಪಂಪನ್ನು ಕಲ್ಪಿಸಿದ್ದನು. ಇದರಲ್ಲಿ ತಿಳಿಯತಕ್ಕ ಮಾತು ಎರಡು. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಪ್ರವಾಹವನ್ನು ಹುಟ್ಟಿಸುತ್ತದೆ. ಆ ಪ್ರವಾಹವು ಎದುರಿನ ಭಾರಕ್ಕೆ ತಡೆದು ನಿಂತಾಗಲೇ ಒತ್ತಡ ಏಳುವುದು. ಹೀಗೆ ಹೊರಹೋಗುವ ಬದಿಯಲ್ಲಿ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಮಿಗೂ ಮೀರಿದ ಒತ್ತಡವಿರಬಹುದು. ಆದರೆ ಒಳಬರುವ ಬದಿಯಲ್ಲಿ ಎಣ್ಣೆಯನ್ನು ಪಂಪಿನೊಳಕ್ಕೆ ನೂಕುವುದು ಕೇವಲ ನಮ್ಮನ್ನೆಲ್ಲ ಮುಸುಕಿರುವ ವಾಯುವಿನ ಒತ್ತಡ. ಅದು ಸುಮಾರು ಒಂದೇ ಕಿಲೋಗ್ರಾಮು. ಉಣ್ಣುವ ಬಾಯಿ ಅಷ್ಟು ದುರ್ಬಲ, ದುಡಿಯುವ ತೋಳು ಅಷ್ಟು ಪ್ರಬಲ. ಊಟದ ದಾರಿಯಲ್ಲಿ ಸ್ವಲ್ಪ ಅಡ್ಡಿಯಾದರೂ ಪಂಪು ಹಸಿಯುತ್ತದೆ. ಆಗ ಎಣ್ಣೆಯಲ್ಲಿ ಆವಿಯ ಗುಳ್ಳೆಗಳೆದ್ದು, ಒತ್ತಡವಿರುವ ಕಡೆಗೆ ಹೋದೊಡನೆ ಕುಸಿದೊಡೆದು, ಉಕ್ಕನ್ನೇ ಕೊರೆದು ಕುಳಿಮಾಡುತ್ತವೆ. ಆ ಕೀರಲು ದನಿಯು ಹಸಿವಿನ ಕೂಗು.

ಆಯುರ್ವೇದದಲ್ಲಿ ರೋಗವನ್ನರಿಯುವ ಉಪಾಯಗಳು ಐದು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಕಾರಣ, ಮುನ್ಸೂಚನೆ, ಲಕ್ಷಣ, ಔಷಧ ಪಥ್ಯಗಳನ್ನು ಪ್ರಯೋಗಿಸಿ ನೋಡುವುದು, ಮತ್ತು ರೋಗವು ಬೆಳೆದುಬಂದ ಬಗೆ ಎಂದು ಅವುಗಳ ತಾತ್ಪರ್ಯ. ಚಾಚಾ ಈ ಹೆಸರುಗಳನ್ನು ಕೇಳಿದವನಲ್ಲ. ಆದರೂ ಮುಂಜಾನೆ ತೆಕ್ಕಲಕೋಟೆಯ ದಾರಿಯಾಗಿ ಬಂದಿಳಿದವನು ಸಲಕರಣೆಯ ಚೀಲವನ್ನು ಬಿಚ್ಚಲೇ ಇಲ್ಲ. ಬೇವಿನ ನೆರಳಲ್ಲಿ ಕುಳಿತು ಡ್ರೈವರನನ್ನು ಕೇಳಲಾರಂಭಿಸಿದನು. ದನಿ ಮೊದಲು ಬಂತೋ, ಸೋಲು ಮೊದಲು ಬಂತೋ? ಮುಂಜಾನೆಯ ತಂಪಿನಲ್ಲಿ ಕೂಗುವುದೋ, ಬಿಸಿಯಾದ ಮೇಲೋ?

ಯಜಮಾನನಿಗೆ ತಾಳ್ಮೆ ತಪ್ಪಿತು. “ಚಾಚಾ, ಪಂಪು ಹೋಗೈತಿ ಅಂತ ಎಲ್ಲಾರೂ ಹೇಳ್ಯಾರ. ಬಿಚ್ಚಿ ನೋಡ್ರಿ, ಹೊತ್ತು ಹೊಂಟೈತಿ” ಎಂದನು.

“ಬಿಚ್ಚೋದು ಎಷ್ಟೊತ್ತಿನ ಕೆಲಸಪ್ಪಾ? ಮೊದಲು ಅದು ಏನು ಹೇಳ್ತೈತಿ ಕೇಳೋಣ. ಹೋದ ವರ್ಷ ತೆಗೆದ ಪಂಪು ಎಲ್ಲೈತಿ?” ಎಂದು ಚಾಚಾ ಕೇಳಿದನು. ಅದು ಕುರುಗೋಡಿನ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಒಬ್ಬನು ಬೈಕಿನಲ್ಲಿ ಹೋಗಿ ಅದನ್ನು ತರಬೇಕಾಯಿತು.

ಇತ್ತ ಯಂತ್ರವನ್ನು ನಡೆಸಿ ನೋಡಿದರು. ಟ್ಯಾಂಕಿನ ಗಾಜಿನಲ್ಲಿ ಎಣ್ಣೆ ತಿಳಿಯಾಗಿತ್ತು; ಹಾಲಿನಂತೆ ಬೆಳ್ಳಗಾಗಿ ನೊರೆಯೆದ್ದಿದ್ದರೆ ಎಲ್ಲಿಯೋ ಗಾಳಿ ಸೇರುತ್ತಿದೆಯೆಂದು ಊಹಿಸಬೇಕಾಗುತ್ತಿತ್ತು. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದರೂ ದನಿ ತಗ್ಗಲಿಲ್ಲ. ಆದುದರಿಂದ ಟ್ಯಾಂಕಿಗೆ ಉಸಿರು ಕಟ್ಟಿರಲಿಲ್ಲ. ಪಂಪು ಸವೆದುದೇ ಮೂಲವೆನ್ನೋಣವೆಂದರೆ, ಸವೆದ ಪಂಪು ಎಣ್ಣೆ ಬಿಸಿಯಾಗಿ ತೆಳುವಾದಾಗ ಸೋಲುವುದು ನಿಜ, ಆದರೆ ಅದು ಹೀಗೆ ಕೂಗದು. ಟ್ಯಾಂಕಿನೊಳಗಿನ ಜಾಲರಿಗೆ ಕಸ ಕಟ್ಟಿದ್ದರೆ, ಎಣ್ಣೆಯು ಮಂದವಾಗಿರುವ ಮುಂಜಾನೆಯಲ್ಲಿಯೇ ಕೂಗು ಹೆಚ್ಚಾಗಿರಬೇಕು. ಇದು ತಂಪಿನಲ್ಲಿ ಮೌನ, ಬಿಸಿಯಲ್ಲಿ ರೋದನ. ಹಾಗಾದರೆ ಬಿಸಿಗೆ ತನ್ನ ಸ್ಥಿತಿಯನ್ನು ಬದಲಿಸಿಕೊಳ್ಳುವಂಥದೇನೋ ಊಟದ ದಾರಿಯಲ್ಲಿರಬೇಕು. ಉಕ್ಕು ಬದಲಾಗದು, ರಬ್ಬರು ಬದಲಾಗುತ್ತದೆ. ತಾರ್ಕಿಕರು ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವಂತೆ ಚಾಚಾ ದನಿಯಿಂದ ಟ್ಯಾಂಕಿಗೂ ಪಂಪಿಗೂ ನಡುವಣ ದಪ್ಪ ರಬ್ಬರಿನ ಪೈಪನ್ನು ಅನುಮಾನಿಸಿದನು. ಪಂಪಿನ ಬಾಯಿಯ ಬಳಿ ಒಂದು ಗೇಜನ್ನು ಹಾಕಿಸಿದಾಗ, ಎಣ್ಣೆ ಬಿಸಿಯಾದಂತೆಲ್ಲ ಅದರ ಮುಳ್ಳು ಬರಿದಿನ ಕಡೆಗೆ ಸರಿಯಿತು.

ಈ ನಡುವೆ ಒಂದು ಅನಾಹುತವು ಕೂದಲೆಳೆಯಲ್ಲಿ ತಪ್ಪಿತು. ತೋಡುಗೈಯ ಇನ್ನೊಂದು ಪೈಪಿನಲ್ಲಿ ಎಣ್ಣೆ ಜಿನುಗುತ್ತಿದ್ದುದನ್ನು ಕಂಡು, ಚಾಚಾನ ಸಂಗಡ ಬಂದ ಹುಡುಗನು ತೂತನ್ನು ಹುಡುಕಲು ಕೈಯಿಂದ ಸವರಹೋದನು. ಎಂದೂ ದನಿಯೆತ್ತದ ಚಾಚಾ ಗದರಿ ಅವನ ತೋಳನ್ನು ಹಿಂದಕ್ಕೆಳೆದನು. ಸೂಜಿಯ ಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಹೊರಡುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಗುತ್ತದೆ. ಮೇಲೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ. ಒಡನೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳೋ ಕೈಯೋ ಹೋಗಬಹುದು. ತೂತನ್ನು ಹುಡುಕಬೇಕಾದರೆ ಕೈಯನ್ನು ದೂರವಿಟ್ಟು ರಟ್ಟಿನ ತುಂಡನ್ನು ಹಿಡಿಯತಕ್ಕದ್ದು. ಪೈಪನ್ನು ಬಿಚ್ಚುವ ಮೊದಲು ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಒಳಗೆ ಉಳಿದ ಒತ್ತಡವನ್ನು ಕಳೆಯತಕ್ಕದ್ದು. ಹುಡುಗನ ಕಣ್ಣಲ್ಲಿ ನೀರು ಬಂದಿತು. “ಪಂಪು ಮತ್ತ ಸಿಗತೈತಿ ಮಗಾ, ಕೈ ಸಿಗಂಗಿಲ್ಲ” ಎಂದಷ್ಟೇ ಹೇಳಿ ಚಾಚಾ ಅವನ ತಲೆಯ ಮೇಲೆ ಕೈಯಿಟ್ಟನು.

ಮಧ್ಯಾಹ್ನಕ್ಕೆ ಹಳೆಯ ಪಂಪು ಬಂದಿತು. ಚಾಚಾ ಅದನ್ನು ಬಿಚ್ಚಿ ಹಲ್ಲುಗಾಲಿಗಳ ಪಕ್ಕದ ತಟ್ಟೆಗಳನ್ನು ಬಿಸಿಲಿಗೆ ಹಿಡಿದನು. ಎಣ್ಣೆ ಒಳಬರುವ ಕಡೆಯಲ್ಲಿ ಗೆದ್ದಲು ತಿಂದಂತೆ ಸಣ್ಣ ಸಣ್ಣ ಕುಳಿಗಳಿದ್ದುವು. ಅವನು ಏನನ್ನೂ ಹೇಳದೆ ಅವನ್ನು ಯಜಮಾನನ ಕೈಗಿತ್ತನು. ಆ ಬಳಿಕ ಬಿಸಿಯಾದ ಯಂತ್ರದ ರಬ್ಬರಿನ ಪೈಪನ್ನು ಕಳಚಿ ಉದ್ದಕ್ಕೆ ಸೀಳಿದನು. ಹೊರಗಣ ಮೈ ಗುಂಡಗೆ, ಗಟ್ಟಿಯಾಗಿ, ನೋಡಿದವರು ಮೆಚ್ಚುವಂತಿತ್ತು. ಒಳಗಣ ಪದರ ಮಾತ್ರ ಅಂಟು ಬಿಟ್ಟು ನಾಲಗೆಯಂತೆ ಜೋತಿತ್ತು. ತಂಪಿನಲ್ಲಿ ಬಿರುಸಾಗಿ ಗೋಡೆಗೆ ಒರಗಿಕೊಂಡಿರುವ ಅದು ಬಿಸಿಗೆ ಮೆತ್ತಗಾಗಿ, ಎಣ್ಣೆಯ ಸೆಳೆತಕ್ಕೆ ಮಡಿದು, ದಾರಿಯನ್ನು ಮುಚ್ಚುತ್ತಿತ್ತು. ಹಿಂದಿನ ವರ್ಷ ಹೊಸ ಪಂಪನ್ನು ಕೂರಿಸಿದವರು ಇದೇ ಪೈಪನ್ನು ಒರಸಿ ಮತ್ತೆ ಹಾಕಿದ್ದರು. ಇಬ್ಬರು ರೋಗಿಗಳು, ಒಂದೇ ಸಾವು, ಒಂದೇ ಕಾರಣ.

“ಗುಂಡಿಗೆ ನಿಂತ್ರ ಗುಂಡಿಗೀದೇ ತಪ್ಪು ಅಂತೀವಿ. ಅದಕ್ಕ ಉಣ್ಣಾಕ ಬರ್ತಿತ್ತೋ ಇಲ್ಲೋ ಯಾರೂ ಕೇಳಂಗಿಲ್ಲ” ಎಂದನು ಚಾಚಾ. ಯಜಮಾನನು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದನೇ ಹೊರತು ಮಾತಾಡಲಿಲ್ಲ. ಬಳೆಗಳು ಹೋದುದು ಪಂಪಿಗಲ್ಲ, ಯಾರೂ ಕೇಳದ ಒಂದು ಪ್ರಶ್ನೆಗೆ ಎಂಬುದು ಅವನಿಗೆ ಆಗ ತಿಳಿದಿರಬೇಕು.

ಇಲ್ಲಿಯೂ ಚಾಚಾ ಅವಸರಪಡಲಿಲ್ಲ. ಮೊದಲು ಹೊಸ ಪೈಪನ್ನು ಮಾತ್ರ ಹಾಕಿ ಯಂತ್ರವನ್ನು ಬಿಸಿಯಾಗುವವರೆಗೆ ನಡೆಸಿದನು. ಕೂಗು ನಿಂತಿತು, ಸೋಲು ಅಲ್ಪಸ್ವಲ್ಪ ಉಳಿಯಿತು. ಇದೇ ಉಪಶಯ. ಕಾರಣವು ಪೈಪಿನಲ್ಲಿತ್ತೆಂದೂ, ಅದರ ಫಲವಾಗಿ ಪಂಪಿಗೂ ಗಾಯವಾಗಿದೆಯೆಂದೂ ಹೀಗೆ ಬೇರೆಬೇರೆಯಾಗಿ ತಿಳಿಯಿತು. ಆಮೇಲೆಯೇ ಪಂಪನ್ನು ಬಿಚ್ಚಿದನು. ಎರೆಮಣ್ಣಿನ ಧೂಳು ಒಳಸೇರದಂತೆ ಬಾಯಿಗಳನ್ನೆಲ್ಲ ಮುಚ್ಚಿ, ನೂಲು ಬಿಡದ ಬಟ್ಟೆಯಿಂದ ಒರಸಿ, ಕವಚದ ಒಳಮೈಯನ್ನು ಉಗುರಿನಿಂದ ಮುಟ್ಟಿ ನೋಡಿದನು. ಹಲ್ಲು ಉಜ್ಜಿದ ಗೀರು ಆಳವಾಗಿರಲಿಲ್ಲ. ತಟ್ಟೆಗಳನ್ನೂ ಸೀಲುಗಳನ್ನೂ ಬದಲಿಸಿ, ಎಣ್ಣೆಯನ್ನೂ ಫಿಲ್ಟರನ್ನೂ ಹೊಸದು ಮಾಡಿ, ಪಂಪಿನೊಳಕ್ಕೆ ಮೊದಲೇ ಎಣ್ಣೆ ತುಂಬಿ, ಭಾರ ಹೊರಿಸದೆ ಮೆಲ್ಲನೆ ತಿರುಗಿಸಿದನು. ಬರಿದಾಗಿ ತಿರುಗಿದ ಹೊಸ ಪಂಪು ಮೊದಲ ನಿಮಿಷಗಳಲ್ಲಿಯೇ ಸಾಯುವುದುಂಟು. ಎರಡನೆಯ ದಿನ ಹೊತ್ತು ಇಳಿಯುವ ಮುನ್ನ ತೋಡುಗೈ ಬಕೆಟ್ಟಿನ ತುಂಬ ಹೂಳನ್ನೆತ್ತಿ ದಂಡೆಗೆ ಸುರಿಯಿತು.

ದೊಡ್ಡದನ್ನು ಕಿರಿದೇ ಹಿಡಿದಿರುತ್ತದೆಂಬುದಕ್ಕೆ ಆ ಸೀಮೆಯ ರೈತರಿಗೆ ಬೇರೆ ನಿದರ್ಶನ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಯ 19ನೆಯ ಬಾಗಿಲಿನ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋದಾಗ, ಕೂಡಿಟ್ಟ ನೀರು ಹೊಳೆಪಾಲಾಗುವುದನ್ನು ಅವರು ಕಂಡಿದ್ದಾರೆ. ಮುರಿದುದನ್ನು ಬದಲಿಸುವುದು ಹಣವಿದ್ದವರಿಗೆಲ್ಲ ಸಾಧ್ಯ. ಏಕೆ ಮುರಿಯಿತೆಂದು ಕೇಳುವುದಕ್ಕೆ ಹಣ ಬೇಡ, ಹೊತ್ತು ಬೇಕು. ಆ ಹೊತ್ತನ್ನು ಅತಿ ಜಿಪುಣತನದಿಂದ ಉಳಿಸುವವನು ಬಡವನೇ ಆಗಿರುವುದು ಲೋಕದ ದುಃಖಗಳಲ್ಲೊಂದು. ಏಕೆಂದರೆ ಕಂತಿನ ದಿನವು ಅವನ ಬೆನ್ನಹಿಂದೆಯೇ ನಿಂತಿರುತ್ತದೆ.

ಕಾಲುವೆಗೆ ನೀರು ಬರುವುದಕ್ಕೆ ಮೊದಲೇ ಕೆಲಸ ಮುಗಿಯಿತು. ಯಜಮಾನನು ಹರಕೆಯ ಕಾಯಿಯನ್ನು ದೊಡ್ಡಬಸವೇಶ್ವರನಿಗೆ ಒಡೆಸಿದನು. ಕುಳಿಬಿದ್ದ ಹಳೆಯ ತಟ್ಟೆಯು ಅಟ್ಟಕ್ಕೆ ಹಿಂದಿರುಗಲಿಲ್ಲ. ಡ್ರೈವರನ ಆಸನದ ಎದುರಿಗೆ ತಂತಿಯಲ್ಲಿ ತೂಗುತ್ತಿದೆ. ಇನ್ನು ಮೇಲೆ ಹುಡುಗರು ದಕಾರಕ್ಕೆ ಧಕಾರವನ್ನು ಬರೆದರೆ ಉಪಾಧ್ಯಾಯರು ತಿದ್ದಲೇಬೇಕು. ಆದರೆ ತಿದ್ದಿದ ಮೇಲೆ, ನಿಧಾನವಿಲ್ಲದೆ ನಿದಾನವಿಲ್ಲವೆಂಬ ಮಾತನ್ನೂ ಅದೇ ಕೆಂಪು ಮಸಿಯಿಂದ ಪಕ್ಕದಲ್ಲಿ ಬರೆದರೆ ತಪ್ಪಾಗದು.